ಸುದ್ದಿ ಒಯ್ಯುವ ದೇವರು

ಗೌರಿ-ಗಣಪತಿ ಹಬ್ಬ ಮುಗಿದು, ಗಣಪತಿಯನ್ನು ಬಾವಿಗೆ ಬಿಟ್ಟು ಬಂದು, ಅವನು ಕುಳಿತಿದ್ದ ಮಾಡ ಇನ್ನೂ ಬರಿದಾಗಿರುವಾಗಲೇ ನಮ್ಮ ಆಯಿಯ ಮನೆಗೆ ಇನ್ನೊಬ್ಬ ಬರುತ್ತಿದ್ದ. ಬಿದಿರಿನ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು, ಹೆಣ್ಣುಮಗಳೊಬ್ಬಳ ತಲೆ ಏರಿ ಬರುತ್ತಿದ್ದ. ಅವನೇ ಜೋಕುಮಾರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದ ನಿಮ್ಮಲ್ಲಿ ಅನೇಕರು ಅವನನ್ನು ನೋಡಿರುತ್ತೀರಿ. ನೋಡಿ ಮರೆತಿರುತ್ತೀರಿ. ನಾನೂ ಮರೆತವಳೇ. ಮರೆತದ್ದಷ್ಟೇ ಅಲ್ಲ, ಒಂದು ಸಲ ಅವನನ್ನು ಹೊತ್ತವರಿಗೆ ಅವಮಾನವನ್ನೂ ಮಾಡಿದವಳು. ಅದನ್ನು ಹೇಳಿಕೊಳ್ಳಬೇಕೆಂದೇ ಈ ಬರಹ.

ನಮ್ಮ ತಂದೆಗೆ ವಾಡಿಯಲ್ಲಿ ರೈಲ್ವೆ ನೌಕರಿ. ಹಗಲು ರಾತ್ರಿ ಗಾಡಿಗಳ ಸದ್ದಿನಲ್ಲಿ ನಾವು ಬೆಳೆದೆವು. ಹಬ್ಬದ ರಜೆ ಬಂದರೆ ನನ್ನನ್ನೂ ತಮ್ಮನನ್ನೂ ಚಿತ್ತಾಪುರದವರೆಗೆ ರೈಲಿನಲ್ಲಿ ಕರೆತಂದು, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಆಯಿಯ ಊರಿಗೆ ಕಳಿಸುತ್ತಿದ್ದರು. ಕಾಗಿಣಾ ನದಿಯ ಕಡೆಯ ಕರಿಮಣ್ಣಿನ ಊರು ಅದು. ಮಳೆಯಾದರೆ ಬಂಡಿಯ ಗಾಲಿ ಹೂತು ಹೋಗುತ್ತಿತ್ತು. ಮಳೆ ಇಲ್ಲದಿದ್ದರೆ ಅದೇ ನೆಲ ಗೇಣಗಲ ಬಿರುಕು ಬಿಡುತ್ತಿತ್ತು.

ಭಾದ್ರಪದ ಶುದ್ಧ ಅಷ್ಟಮಿಯ ದಿನ ಜೋಕುಮಾರ ಹುಟ್ಟುತ್ತಾನೆ. ಹುಣ್ಣಿಮೆಗೆ ಸಾಯುತ್ತಾನೆ. ಅವನ ಆಯುಷ್ಯ ಏಳೇ ದಿನ. ಆ ಏಳು ದಿನಗಳಲ್ಲಿ ಏಳು ಊರು ತಿರುಗಬೇಕು. ಅಂಬಿಗರು, ಕಬ್ಬಲಿಗರು, ತಳವಾರರು, ಕೋಲಿಗಳು ಎಂದು ಒಂದೊಂದು ಕಡೆ ಒಂದೊಂದು ಹೆಸರಿನಿಂದ ಕರೆಯಿಸಿಕೊಳ್ಳುವ ಮನೆತನಗಳ ಹೆಣ್ಣುಮಕ್ಕಳು ಅವನನ್ನು ಹೊತ್ತು ತರುತ್ತಿದ್ದರು. ಮೂವರೋ ನಾಲ್ವರೋ ಬಂದು ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಹಾಡಲು ಶುರು ಮಾಡಿದರೆ, ಆಯಿ ಒಳಗಿನಿಂದಲೇ "ಬಂದ್ಯಾ ನಮ್ಮಪ್ಪಾ" ಎಂದು ಕೂಗುತ್ತಿದ್ದಳು. ಮರದಲ್ಲಿ ಜೋಳ, ಅದರ ಮೇಲೆ ನಾಲ್ಕು ಒಣಮೆಣಸಿನಕಾಯಿ, ಒಂದು ಹಿಡಿ ಉಪ್ಪು, ಎಲೆಯ ಮೇಲೆ ಬೆಣ್ಣೆ. ಇಷ್ಟು ಮೊದಲೇ ಸಿದ್ಧವಾಗಿರುತ್ತಿತ್ತು.

ಗೇಣುದ್ದದ ಹಸಿಮಣ್ಣಿನ ಮೂರ್ತಿ. ಅಗಲ ಮುಖ, ದಪ್ಪ ಮೀಸೆ, ಬಿಟ್ಟ ಕಣ್ಣು, ತೆರೆದ ಬಾಯಿ. ಮನೆಮನೆಯ ಬೆಣ್ಣೆ ತುಟಿಗೆ ಹತ್ತಿ ಮಿರಮಿರ ಮಿಂಚುತ್ತಿತ್ತು. ಸೊಂಟದ ಕೆಳಗೆ ಬೇವಿನ ಸೊಪ್ಪು ಒತ್ತಾಗಿ ಮುಚ್ಚಿರುತ್ತಿದ್ದರು. ನಾವು ಹುಡುಗಿಯರು ಇಣುಕಿದರೆ ಆಯಿ ತಲೆಗೆ ಮೊಟಕುತ್ತಿದ್ದಳು. ಅದರ ಕಾರಣ ನಾನು ದೊಡ್ಡವಳಾದ ಮೇಲೆ ತಿಳಿಯಿತು. ಅವನು ಬೆಳೆಯ ದೇವರಷ್ಟೇ ಅಲ್ಲ, ಸಂತಾನದ ದೇವರು ಕೂಡ. ಮಕ್ಕಳಾಗದ ಹೆಣ್ಣುಮಕ್ಕಳು ಅವನಿಗೆ ಗುಟ್ಟಾಗಿ ಹರಕೆ ಹೊರುತ್ತಿದ್ದರು. ನೆಲದ ಬಂಜೆತನ, ಒಡಲಿನ ಬಂಜೆತನ ಎರಡಕ್ಕೂ ಅವನೇ ಮದ್ದು ಎಂದು ನಮ್ಮ ಹಿಂದಿನವರು ನಂಬಿದ್ದರು.

ಜೋಳ ಸೆರಗಿಗೆ ಹಾಕಿಸಿಕೊಂಡ ಮೇಲೆ ಆ ಹೆಣ್ಣುಮಕ್ಕಳು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಬುಟ್ಟಿಯಿಂದ ನಾಲ್ಕು ಎಸಳು ಬೇವಿನ ಎಲೆ, ಒಂದಿಷ್ಟು ನುಚ್ಚು ತೆಗೆದು ಮರದಲ್ಲಿ ಹಾಕಿಯೇ ಹೋಗುತ್ತಿದ್ದರು. ಆಯಿ ಅದನ್ನು ಅಂಬಲಿಯಲ್ಲಿ ಕಲಸಿ ನಮ್ಮ ಮಾಮನ ಕೈಗೆ ಕೊಡುತ್ತಿದ್ದಳು. ಮಾಮ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಿ ಬರುತ್ತಿದ್ದ. ಚರಗ ಎಂದರೆ ಎಳ್ಳಮಾಸಿಯ ದಿನ ಬಜ್ಜಿ, ರೊಟ್ಟಿ, ಕಡಬು ಕಟ್ಟಿಕೊಂಡು ಹೋಗಿ ಹೊಲಕ್ಕೆ ಉಣಿಸುವುದು ಎಂದಷ್ಟೇ ನಮಗೆ ಗೊತ್ತು. ಅದಕ್ಕೂ ಮೂರು ತಿಂಗಳು ಮೊದಲು ಭಾದ್ರಪದದಲ್ಲೇ ಹೊಲಕ್ಕೆ ಇನ್ನೊಂದು ತುತ್ತು ಸಲ್ಲುತ್ತಿತ್ತು.

ಆಯಿ ಹೇಳುತ್ತಿದ್ದ ಕಥೆ ಇದು. ಶಿವ ಪಾರ್ವತಿಯರು ಭೂಲೋಕದ ಸಮಾಚಾರ ತಿಳಿದು ಬಾ ಎಂದು ಮೊದಲು ಗಣಪತಿಯನ್ನು ಕಳಿಸಿದರು. ಗಣಪತಿ ಉಳ್ಳವರ ಮನೆಯಲ್ಲಿ ಇಳಿದ. ಕಡಬು, ಹೋಳಿಗೆ, ಹಾಲು, ತುಪ್ಪ ಹೊಟ್ಟೆ ತುಂಬ ಉಂಡ. ಕೈಲಾಸಕ್ಕೆ ಹೋಗಿ "ಭೂಲೋಕದಾಗ ಎಲ್ಲಾ ಚೆಂದ ಅದ, ಮಂದಿ ಸುಖದಾಗ ಅದಾರ" ಎಂದ. ಶಿವನಿಗೆ ಅನುಮಾನ ಬಂತು. ಜೋಕುಮಾರನನ್ನು ಕಳಿಸಿದ. ಅವನು ಬಡವರ ಕೇರಿಗೆ ಬಂದ. ಮಳೆಯಿಲ್ಲ, ಬೆಳೆಯಿಲ್ಲ. ದನಗಳಿಗೆ ಮೇವಿಲ್ಲ. ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಹಾಕಲು ನುಚ್ಚಿಲ್ಲ. ಕಂಡವರ ಮನೆಯಲ್ಲಿ ಬೇಡಿ ತಿಂದು, ಪುಂಡಾಟ ಮಾಡಿ ಬೈಸಿಕೊಂಡು, ಬಡಿಸಿಕೊಂಡು ಸತ್ತ. ಸತ್ತು ಹೋಗಿ ಕಂಡದ್ದನ್ನು ಕಂಡ ಹಾಗೆ ಶಿವನಿಗೆ ಹೇಳಿದ. ಆಮೇಲೆ ಮಳೆ ಬಂತು.

"ಮತ್ತ ಗಣಪತಿ ಸುಳ್ಳು ಹೇಳಿದ್ನಾ ಆಯಿ?" ಎಂದು ನಾನು ಕೇಳಿದ್ದೆ.

"ಸುಳ್ಳಲ್ಲವ್ವಾ. ಅವಾ ಉಂಡ ಮನೀದು ಅವಾ ಹೇಳ್ದಾ. ಉಪಾಸ ಇದ್ದ ಮನಿಗಿ ಅವನ್ನ ಕರ್ದವ್ರು ಯಾರು?" ಎಂದಳು ಆಯಿ. ಅಕ್ಷರ ಬಾರದ ನನ್ನ ಆಯಿ ಎಷ್ಟು ದೊಡ್ಡ ಮಾತು ಆಡಿದ್ದಳು ಎಂಬುದು ನಾನು ಬಿ.ಎ., ಬಿ.ಎಡ್. ಮಾಡಿ, ಮಕ್ಕಳಿಗೆ ಇತಿಹಾಸ ಕಲಿಸಲು ನಿಂತ ಮೇಲೂ ಬಹಳ ವರ್ಷ ಹೊಳೆಯಲಿಲ್ಲ.

ಹುಣ್ಣಿಮೆಯ ರಾತ್ರಿ ಮಾತ್ರ ಆಯಿ ಬೇಗ ಊಟ ಹಾಕಿ ಬಾಗಿಲು ಹಾಕುತ್ತಿದ್ದಳು. "ಇವತ್ತು ಅವನ ಸಾವು, ಅವಾ ಅಳೋದು ಕಿವಿಗಿ ಬೀಳಬಾರದು" ಎಂದು ನಮ್ಮನ್ನು ಕೌದಿಯೊಳಗೆ ಮಲಗಿಸುತ್ತಿದ್ದಳು. ನಾನು ಕೌದಿಯೊಳಗಿಂದಲೇ ಕಿವಿಗೊಟ್ಟು ಕೇಳುತ್ತಿದ್ದೆ. ಹಳ್ಳದ ಕಡೆಯಿಂದ ಹೆಣ್ಣುಮಕ್ಕಳ ಹಾಡು ಬರುತ್ತಿತ್ತು. ಬರಬರುತ್ತ ಅದು ಜೋರಾಗುತ್ತಿತ್ತು. ಒಮ್ಮೆಲೇ ಒಂದು ಕೂಗು. ಆಮೇಲೆ ಸದ್ದಿರುತ್ತಿರಲಿಲ್ಲ. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ನಾನು 31 ವರ್ಷದವಳಾಗಬೇಕಾಯಿತು.

ಅದಕ್ಕೂ ಮೊದಲು, ಈ ಆಚರಣೆ ಭಾದ್ರಪದದಲ್ಲೇ ಏಕೆ ಎಂಬುದನ್ನು ಹೇಳಬೇಕು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಒಕ್ಕಲುತನ ಎರಡು ಕಂತಿನದು. ಮುಂಗಾರಿಗೆ ಹೆಸರು, ಉದ್ದು, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಗಣಪತಿ ಹಬ್ಬದ ಹೊತ್ತಿಗೆ ಹೆಸರು ರಾಶಿಯಾಗಿರುತ್ತದೆ. ತೊಗರಿ ಹೊಲದಲ್ಲಿ ನಿಂತಿರುತ್ತದೆ. ಜೋಳದ ಹೊಲ ಹರಗಿ ಬಿತ್ತನೆಗೆ ಕಾದಿರುತ್ತದೆ. ಆಗ ಬೀಳಬೇಕಾದದ್ದು ಹುಬ್ಬಿ ಮಳೆ, ಉತ್ತರಿ ಮಳೆ, ಅದರ ಬೆನ್ನಿಗೆ ಹಸ್ತ. ಈ ಮಳೆಗಳು ಕರಿಮಣ್ಣಿನ ಹೊಟ್ಟೆಗೆ ಇಳಿದರೆ ಆ ಹಸಿಯ ಮೇಲೆಯೇ ಜೋಳ ಚಳಿಗಾಲದ ಇಬ್ಬನಿ ಕುಡಿದು ಬೆಳೆದುಬಿಡುತ್ತದೆ. ಈ ಮಳೆ ಕೈಕೊಟ್ಟರೆ ವರ್ಷದ ರೊಟ್ಟಿಯೇ ಹೋಯಿತು. ಹುಬ್ಬಿ ಮಳೆ ಸೆಪ್ಟೆಂಬರ್ ಮೊದಲ ವಾರದ ಆಚೀಚೆ, ಉತ್ತರಿ ಅದರ ಮುಂದಿನ ಹದಿನೈದು ದಿನ. ಜೋಕುಮಾರ ಬರುವುದೂ ಸಾಮಾನ್ಯವಾಗಿ ಇದೇ ದಿನಗಳಲ್ಲಿ. ವರ್ಷವೆಲ್ಲ ಸುಮ್ಮನಿದ್ದು ಇದೇ ವಾರ ಅವನು ಹುಟ್ಟುವುದು ಆಕಸ್ಮಿಕವಲ್ಲ. ಒಕ್ಕಲಿಗನ ಎದೆ ಅತಿ ಹೆಚ್ಚು ಹೊಯ್ದಾಡುವ ವಾರ ಅದು.

ಬರ ನಮ್ಮ ನಾಡಿಗೆ ಹೊಸದಲ್ಲ. ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಕಾಲದಲ್ಲಿ, 1396ರಿಂದ, ದಖ್ಖನಿನಲ್ಲೆಲ್ಲ ದುರ್ಗಾದೇವಿ ಬರ ಬಿದ್ದಿತು. ಅದು ಹನ್ನೆರಡು ವರ್ಷ ಕಾಡಿತೆಂದು ಜನರ ನೆನಪು. ಫಿರೋಜ್ ಷಾ ಬಹಮನಿ 1397ರಲ್ಲಿ ಪಟ್ಟಕ್ಕೆ ಬಂದದ್ದು ಆ ಬರದೊಳಗೆ. 1876ರಿಂದ 78ರವರೆಗಿನ ಮಹಾ ಕ್ಷಾಮ ಮದ್ರಾಸು, ಮುಂಬಯಿ, ಮೈಸೂರುಗಳ ಜೊತೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದ ನಮ್ಮ ಕಡೆಯ ಜಿಲ್ಲೆಗಳನ್ನೂ ತಿಂದಿತು. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲು ಹಾದಿ ಅದಕ್ಕೆ ಎರಡೇ ವರ್ಷ ಮೊದಲು, 1874ರಲ್ಲಿ ತೆರೆದಿತ್ತು. ನಾನು ಬಾಲ್ಯದಲ್ಲಿ ದಿನವೂ ಸದ್ದು ಕೇಳುತ್ತಿದ್ದ ಹಾದಿ ಅದೇ. ಇನ್ನು 1972ರ ಬರ. ಅದು ನಾನು ಹುಟ್ಟಿದ ವರ್ಷ. ಬಾಣಂತಿಯಾಗಿದ್ದ ನನ್ನ ತಾಯಿಗೆ ರೇಷನ್ ಜೋಳದ ಗಂಜಿಯಲ್ಲಿ ಹುಳು ಆರಿಸಿ ಕುಡಿಸಿದ್ದನ್ನು ಆಯಿ ಸಾಯುವವರೆಗೆ ಹೇಳುತ್ತಿದ್ದಳು.

ಅದೇ 1972ರಲ್ಲಿ ಚಂದ್ರಶೇಖರ ಕಂಬಾರರ "ಜೋಕುಮಾರಸ್ವಾಮಿ" ನಾಟಕವನ್ನು ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಆಡಿಸಿದರು. ಉಳುವವನಿಗೂ ಒಡೆಯನಿಗೂ ನಡುವಿನ ಜಗಳ, ಮಕ್ಕಳಿಲ್ಲದ ಗೌಡತಿಯ ಸಂಕಟ ಎರಡೂ ಆ ನಾಟಕದಲ್ಲಿವೆ. ಹಳ್ಳಿಯ ಬುಟ್ಟಿಯೊಳಗಿನ ದೇವರು ರಾಜಧಾನಿಯ ರಂಗದ ಮೇಲೆ ನಿಂತ. ಓದಿದವರು ಮೆಚ್ಚಿದರು. ಆದರೆ ಬುಟ್ಟಿ ಹೊತ್ತವರು ಮಾತ್ರ ಇದ್ದಲ್ಲಿಯೇ ಇದ್ದರು.

ಸೇಡಂನಿಂದ ಸ್ವಲ್ಪ ದೂರದ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು ಎಂದು ನಾವು ಪಾಠ ಮಾಡುತ್ತೇವೆ. ನೃಪತುಂಗನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ "ಕವಿರಾಜಮಾರ್ಗ"ವು ಈ ನಾಡಿನವರು ಓದು ಕಲಿಯದೆಯೂ ಕಾವ್ಯದಲ್ಲಿ ಪರಿಣತರು ಎಂದು ಹೊಗಳುತ್ತದೆ. ಚಿತ್ತಾಪುರದ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಇದನ್ನೆಲ್ಲ ಮಕ್ಕಳಿಗೆ ನಾನು ಅಭಿಮಾನದಿಂದ ಹೇಳುತ್ತಿದ್ದೆ. ಓದು ಕಲಿಯದೆಯೂ ಕಾವ್ಯ ಬಲ್ಲವರು ಎಂದರೆ ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ 2003ರಲ್ಲಿ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಆಗ ನನಗೆ ಚಿಂಚೋಳಿ ತಾಲೂಕಿನ ಒಂದು ಊರಿಗೆ ವರ್ಗವಾಗಿತ್ತು. ಸತತ ಮೂರನೆಯ ವರ್ಷ ಮಳೆ ಸರಿಯಾಗಿ ಬಂದಿರಲಿಲ್ಲ. ಊರ ಪಕ್ಕದ ಹಳ್ಳದಲ್ಲಿ ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನೀರು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಓದಿನಲ್ಲಿ ಚುರುಕು, ಕೈಬರಹ ಮುತ್ತಿನಂತೆ. ಗಣಪತಿ ಹಬ್ಬ ಕಳೆದ ಮೇಲೆ ಅವಳು ಆರು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಕಾರಣ ಕೇಳಿದೆ. ತಲೆ ತಗ್ಗಿಸಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ "ಜೋಕುಮಾರನ ಬುಟ್ಟಿ ಹಿಂದ ಹೋಗಿದ್ಳರಿ ಟೀಚರ್, ಅವರ ಆಯಿ ಸಂಗಾಟ" ಎಂದ. ಆ ವಾರ ಘಟಕ ಪರೀಕ್ಷೆ ಇತ್ತು. ನನಗೆ ಸಿಟ್ಟು ಬಂದಿತ್ತು. "ಸಾಲಿ ಬಿಟ್ಟು ಮನಿಮನಿ ಬೇಡ್ಲಾಕ ಹೋಗಿದ್ದೇನು?" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಹುಡುಗಿ ನಗಲೂ ಇಲ್ಲ, ಅಳಲೂ ಇಲ್ಲ. ಪುಸ್ತಕ ತೆಗೆದು ಕುಳಿತಳು.

ಮರುದಿನ ಪ್ರಾರ್ಥನೆ ಮುಗಿದ ಹೊತ್ತಿಗೆ ಶಾಲೆಯ ಗೇಟಿನ ಹೊರಗೆ ಮುದುಕಿಯೊಬ್ಬಳು ನಿಂತಿದ್ದಳು. ತಲೆಯ ಮೇಲೆ ಬುಟ್ಟಿ. ಒಳಗೆ ಬಾ ಎಂದರೂ ಬರಲಿಲ್ಲ. ನಾನೇ ಹೊರಗೆ ಹೋದೆ. ಬುಟ್ಟಿಯಿಂದ ಬೇವಿನ ಎಲೆ ತೆಗೆದು ನನ್ನ ಕೈಯಲ್ಲಿಟ್ಟು ಹೇಳಿದಳು:

"ನಾವು ಬೇಡ್ಲಾಕ ಹೋಗಂಗಿಲ್ರೀ ಟೀಚರ್. ಹಂಗ ಬೇಡಬೇಕಂದ್ರ ವರ್ಷ ಪೂರ್ತಿ ಬೇಡ್ತಿದ್ವಿ. ಊರಿನ ಸುದ್ದಿ ಒಯ್ಲಾಕ ಹೋಗ್ತೀವಿ. ಯಾರ ಹೊಲ ಒಣಗ್ಯಾದ, ಯಾರ ಮನ್ಯಾಗ ಕಾಳಿಲ್ಲ, ಅವಾ ನೋಡಬೇಕಲ್ರೀ. ನೀವು ಹಾಜರಿ ಬರ್ಕೊಂಬಂಗ ಅವಾ ಬರ್ಕೊಂತಾನ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ತಪ್ಪಾತಮ್ಮ" ಎಂದೆ. ಮುದುಕಿ ಅದಕ್ಕೆ ಏನೂ ಅನ್ನಲಿಲ್ಲ. "ಹುಣ್ಣಿಮಿ ರಾತ್ರಿ ಹಳ್ಳಕ್ಕ ಬರ್ರಿ. ನೋಡ್ರಿ" ಎಂದಷ್ಟೇ ಹೇಳಿ ಹೋದಳು.

ನಾನು ಹೋದೆ. ಜೊತೆಗೆ ಬಾಡಿಗೆ ಮನೆಯ ಯಜಮಾನತಿಯನ್ನು ಕರೆದುಕೊಂಡೆ. ಅವರು "ಅಲ್ಲಿ ನಮ್ಮಂಥವ್ರು ಹೋಗಂಗಿಲ್ಲ" ಎಂದು ಅರ್ಧ ದಾರಿಯಲ್ಲೇ ನಿಂತರು. ಹಿಟ್ಟು ಚೆಲ್ಲಿದಂಥ ಬೆಳದಿಂಗಳು. ಹಳ್ಳದ ದಂಡೆಯ ಬಯಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಹೆಣ್ಣುಮಕ್ಕಳು ಸೇರಿದ್ದರು. ನಡುವೆ ಜೋಕುಮಾರನನ್ನು ನೆಲದ ಮೇಲೆ ಇಟ್ಟಿದ್ದರು. ಏಳು ದಿನದ ಬೆಣ್ಣೆ, ಧೂಳು ಸೇರಿ ಮುಖ ಕಪ್ಪಾಗಿತ್ತು. ಅವನ ಸುತ್ತ ಜಾಲಿಯ ಮುಳ್ಳುಕಂಟಿಗಳನ್ನು ಒತ್ತಾಗಿ ಹರವಿದ್ದರು. ಹೆಣ್ಣುಮಕ್ಕಳು ಆ ಮುಳ್ಳಿನ ಅಂಚಿನಲ್ಲೇ ದುಂಡಗೆ ನಿಂತರು. ಮುದುಕಿ ಹಾಡು ಎತ್ತಿದಳು, ಉಳಿದವರು ಹಿಡಿದರು. ಬಗ್ಗಿ ಒಂದು ಚಪ್ಪಾಳೆ, ಎದ್ದು ಒಂದು ಚಪ್ಪಾಳೆ, ಒಂದು ಹೆಜ್ಜೆ ಒಳಗೆ, ಒಂದು ಹೆಜ್ಜೆ ಬಲಕ್ಕೆ. ಕುಣಿತ ಅಂದರೆ ಅಷ್ಟೇ. ಗೆಜ್ಜೆ ಇಲ್ಲ, ಡೊಳ್ಳು ಇಲ್ಲ. ಹಾಡಿನಲ್ಲಿ ಅವನ ಹುಟ್ಟು ಬಂತು, ರೂಪ ಬಂತು, ಪುಂಡಾಟ ಬಂತು. ನಗುವಂಥ ಮಾತುಗಳೂ ಬಂದವು. ಹಗಲಲ್ಲಿ ಸೆರಗು ಹೊದ್ದು ತಲೆ ತಗ್ಗಿಸಿ ನಡೆಯುವ ಹೆಣ್ಣುಮಕ್ಕಳು ಬಾಯಿ ತುಂಬ ನಗುತ್ತಿದ್ದರು. ಮಳೆಯ ಮಾತು ಬಂದಾಗ ಮಾತ್ರ ಎಲ್ಲರ ದನಿ ತಗ್ಗಿತು.

ಸುತ್ತು ಬಿರುಸಾಯಿತು. ಬಿರುಸಾದಂತೆ ಮುಳ್ಳಿನ ಹತ್ತಿರ ಹತ್ತಿರ ಬಂದರು. ಯಾರ ಸೀರೆ ಮುಳ್ಳಿಗೆ ಸಿಗುತ್ತದೋ ಅವಳ ಸೆರಗನ್ನು ಜೋಕುಮಾರ ಹಿಡಿದ ಎಂದು ಲೆಕ್ಕ. ಒಬ್ಬ ಹೆಂಗಸಿನ ಸೀರೆಯ ಅಂಚು ಸಿಕ್ಕಿತು. "ಹಿಡ್ದಾ, ಹಿಡ್ದಾ" ಎಂದು ಕೂಗೆದ್ದಿತು. ನಾನು ಚಿಕ್ಕವಳಿದ್ದಾಗ ಕೌದಿಯೊಳಗೆ ಕೇಳಿದ್ದ ಕೂಗು ಅದು. ಒಬ್ಬಳು ಒನಕೆ ಎತ್ತಿ ಅವನ ತಲೆಗೆ ಹಾಕಿದಳು. ಮಣ್ಣು ಒಡೆಯಿತು. ಒಡೆದ ಚೂರುಗಳನ್ನು ಬುಟ್ಟಿಗೆ ತುಂಬಿ ಹಳ್ಳದಲ್ಲಿ ಅಗಸರ ಒಗೆಯುವ ಕಲ್ಲಿನ ಹತ್ತಿರ ಕೊಟ್ಟು ತಿರುಗಿ ನೋಡದೆ ಬಂದರು. ಮೂರು ದಿನ ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವುದಿಲ್ಲ. ಸತ್ತವರ ಮನೆಯಲ್ಲಿ ಮಾಡುವಂತೆ ಮೂರನೆಯ ದಿನ ಅವನಿಗೂ ಎಡೆ ಇಡುತ್ತಾರೆ. ಒಂದೊಂದು ಊರಿನಲ್ಲಿ ಈ ಕ್ರಮ ಒಂದೊಂದು ಬಗೆ. ಆದರೆ ಕುಂಬಾರನ ಮಣ್ಣು, ಅಂಬಿಗರ ತಲೆ, ಅಗಸರ ಕಲ್ಲು ಎಂದು ಕೆಲಸ ಹಂಚಿಕೆಯಾಗಿರುವುದನ್ನು ಬಹಳ ಕಡೆ ಹೇಳುತ್ತಾರೆ. ಮಳೆ ಬಂದರೆ ಊರಿಗೆಲ್ಲ. ಮಳೆ ಕರೆಯುವ ಭಾರ ಮಾತ್ರ ಊರ ಅಂಚಿನ ಕೇರಿಯವರದು.

ಹಿಂದೆ ಬರುವಾಗ ಆ ಹುಡುಗಿ ನನ್ನ ಜೊತೆ ನಡೆದಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮನೆಯ ಮುಂದೆ ನಿಂತು, "ನಿನ್ನ ಪರೀಕ್ಷಾ ಮತ್ತ ತೊಗೋತೀನಿ" ಎಂದೆ. "ಹೂಂ ಟೀಚರ್" ಎಂದಳು. ತರಗತಿಯಲ್ಲಿ ಎಲ್ಲರ ಮುಂದೆ ಆಡಿದ ಮಾತಿಗೆ ಎಲ್ಲರ ಮುಂದೆಯೇ ತಪ್ಪಾಯಿತು ಎನ್ನಬೇಕಿತ್ತು. ಎನ್ನಲಿಲ್ಲ. ಮುಂದಿನ ವರ್ಷ ನನಗೆ ಸೇಡಂ ಕಡೆಗೆ ವರ್ಗವಾಯಿತು.

ಈಗ ನಮ್ಮ ಸೀಮೆಯಲ್ಲಿ ಜೋಕುಮಾರ ಅಪರೂಪ. ಎಲ್ಲೋ ಕೆಲವು ಊರುಗಳಲ್ಲಿ ವಯಸ್ಸಾದವರು ಬುಟ್ಟಿ ಹೊರುತ್ತಾರೆ. ಮನೆಮನೆಗೆ ಬಂದರೂ ಹುಣ್ಣಿಮೆಯ ಕುಣಿತ ಮಾಡುವವರು ಇನ್ನೂ ಕಡಿಮೆ. ಶಹಾಬಾದಿನಲ್ಲಿ, ವಾಡಿಯಲ್ಲಿ ಓಣಿಗೊಂದು ಗಣಪತಿಯ ಪೆಂಡಾಲು ಇರುತ್ತದೆ. ಅಷ್ಟಮಿ ಬಂದದ್ದು, ಹೋದದ್ದು ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ತಿಳಿಯುವುದಿಲ್ಲ. ಆಯಿಯ ಕಥೆಯಲ್ಲಿ ಆದದ್ದೇ ಇಲ್ಲಿಯೂ ಆಗಿದೆ ಎನ್ನಿಸುತ್ತದೆ. ಉಂಡವನ ವರದಿ ದೊಡ್ಡದಾಗಿ ಕೇಳಿಸುತ್ತಿದೆ.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. ಜೋಕುಮಾರ ಸತ್ತು ಹದಿನೈದು ದಿನಕ್ಕೆ, ಮಹಾಲಯ ಅಮಾವಾಸ್ಯೆಯಿಂದ, ಗಡಿಯಾಚೆಯ ತೆಲಂಗಾಣದಲ್ಲಿ ಬತುಕಮ್ಮ ಹಬ್ಬ. ಅಲ್ಲಿಯ ಹೆಣ್ಣುಮಕ್ಕಳೂ ಹೂವಿನ ಗೋಪುರವನ್ನು ನಡುವೆ ಇಟ್ಟು ಸುತ್ತಲೂ ಚಪ್ಪಾಳೆ ತಟ್ಟಿ ಕುಣಿಯುತ್ತಾರೆ. ಕೊನೆಗೆ ನೀರಿಗೆ ಬಿಡುತ್ತಾರೆ. ತಾಂಡೂರು, ಕೊಡಂಗಲ್ ತಾಲೂಕುಗಳು 1956ರವರೆಗೆ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದ್ದವು. ಚಿಂಚೋಳಿ, ಸೇಡಂ ಕಡೆಯವರಿಗೆ ಅಲ್ಲಿ ಬೀಗರು ನೆಂಟರು ಬಹಳ. 2014ರಲ್ಲಿ ತೆಲಂಗಾಣ ರಾಜ್ಯವಾದ ಕೂಡಲೇ ಬತುಕಮ್ಮ ರಾಜ್ಯದ ಹಬ್ಬವಾಯಿತು. ಈಗ ಕಾಲೇಜಿನ ಹುಡುಗಿಯರು, ಅಧಿಕಾರಿಗಳು, ಡಾಕ್ಟರುಗಳು ಎಲ್ಲರೂ ರೇಷ್ಮೆ ಸೀರೆ ಉಟ್ಟು ಸುತ್ತಿನಲ್ಲಿ ನಿಲ್ಲುತ್ತಾರೆ.

ಹೈದರಾಬಾದಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಒಮ್ಮೆ ಫೋನಿನಲ್ಲಿ ಜಪಾನಿನ ಒಂದು ಕುಣಿತವನ್ನು ತೋರಿಸಿದಳು. ಸೆಂಡಾಯ್ ನಗರದ ಅಕಿಯು ಎಂಬಲ್ಲಿಯ ಭತ್ತ ನಾಟಿಯ ಕುಣಿತ. ಬಣ್ಣದ ಉಡುಪಿನ ಹುಡುಗಿಯರು ಸಸಿ ನೆಡುವ ಅಭಿನಯ ಮಾಡುತ್ತಾ ಒಳ್ಳೆಯ ಬೆಳೆಗಾಗಿ ಬೇಡುತ್ತಾರೆ. 17ನೆಯ ಶತಮಾನದ ಕೊನೆಯಿಂದ ನಡೆದು ಬಂದಿದೆಯಂತೆ. ಮೊದಲು ಜನವರಿಯ ನಡುವಿನಲ್ಲಿ ಮಾಡುತ್ತಿದ್ದರು, ಈಗ ಗುಡಿಯ ಉತ್ಸವಗಳಲ್ಲಿ ಮಾಡುತ್ತಾರೆ. 2009ರಲ್ಲಿ ಯುನೆಸ್ಕೋ ಅದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಬೇಡಿದ್ದೂ ಇಲ್ಲಿ ಬೇಡಿದ್ದೂ ಒಂದೇ. ಅದನ್ನು ನೋಡುತ್ತಾ ನನಗೆ ಚಿಂಚೋಳಿಯ ಹಳ್ಳದ ದಂಡೆ ನೆನಪಾಯಿತು. ಆ ರಾತ್ರಿ ಕುಣಿದವರನ್ನು ಯಾರೂ ಯಾವ ಪಟ್ಟಿಗೂ ಸೇರಿಸಲಿಲ್ಲ. ಒಬ್ಬ ಟೀಚರು ಅವರನ್ನು ಬೇಡುವವರ ಪಟ್ಟಿಗೆ ಸೇರಿಸಿದ್ದಳು.

2019ರಲ್ಲಿ ನನ್ನ ತಾಯಿಗೆ ಆರಾಮಿಲ್ಲವೆಂದು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಸೇರಿಸಿದ್ದೆವು. ಎರಡನೆಯ ರಾತ್ರಿ ಸಲಾಯಿನ್ ಬದಲಿಸಲು ಬಂದ ನರ್ಸ್ ನನ್ನನ್ನು ನೋಡಿ, "ಟೀಚರ್, ಗುರ್ತು ಸಿಗ್ಲಿಲ್ಲೇನ್ರೀ?" ಎಂದಳು. ಅದೇ ಹುಡುಗಿ. ಅವಳ ಆಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆಮೇಲೆ ಆ ಊರಿನಲ್ಲಿ ಬುಟ್ಟಿ ಎದ್ದಿರಲಿಲ್ಲ.

ಹದಿನಾರು ವರ್ಷ ಒಳಗಿಟ್ಟುಕೊಂಡದ್ದನ್ನು ಅಂದು ಹೇಳಿದೆ. "ನಾ ಅವತ್ತು ಹಂಗ ಅನ್ನಬಾರದಿತ್ತವ್ವಾ. ನನ್ನ ಮಾತಿನಿಂದಲೇ ನೀ ಬುಟ್ಟಿ ಬಿಟ್ಟಿ ಏನೋ ಅಂತ ಅನ್ನಿಸ್ತದ" ಎಂದೆ.

ಅವಳು ಸಲಾಯಿನ್ ಹನಿ ಎಣಿಸುತ್ತಾ ಹೇಳಿದಳು: "ನಿಮ್ಮ ಮಾತು ನೆನಪದ ಟೀಚರ್. ಮರೆಯಂಗಿಲ್ಲ. ಆದ್ರ ಬಿಟ್ಟಿದ್ದು ಅದಕ್ಕಲ್ಲ. ಏಳು ದಿನ ಬರಿಗಾಲಲ್ಲಿ ತಿರುಗ್ತಿದ್ಳು ನಮ್ಮಾಯಿ. ಹೊಲ ಇದ್ದವ್ರ ಮನಿ ಕಟ್ಟಿ ತನಾ ಅಷ್ಟೇ, ಒಳಗ ಕರೀತಿದ್ದಿಲ್ಲ. ನಮಗ ಒಂದು ಗುಂಟೆ ಹೊಲ ಇದ್ದಿಲ್ಲ. ಮಳಿ ಬೇಕಾದವ್ರು ಒಬ್ಬರು, ಬುಟ್ಟಿ ಹೊರೋರು ಒಬ್ಬರು. ಅವರೂ ಒಂದು ದಿನ ಹೊರಲಿ ನೋಡಮ್."

ನಾನು ಸುಮ್ಮನೆ ಕುಳಿತೆ. ಇತಿಹಾಸದ ಪಾಠ ನನಗೆ ಎರಡನೆಯ ಸಲ ಆ ಮನೆತನದಿಂದಲೇ ಸಿಕ್ಕಿತು. ಬತುಕಮ್ಮನ ಸುತ್ತಿನಲ್ಲಿ ಈಗ ಎಲ್ಲರೂ ನಿಲ್ಲುತ್ತಾರೆ, ಹಾಗಾಗಿ ಅದು ಉಳಿದಿದೆ. ಅಕಿಯುದಲ್ಲಿ ಊರವರು ತಮ್ಮ ತಮ್ಮ ಮಕ್ಕಳಿಗೆ ಕುಣಿತ ಕಲಿಸುತ್ತಾರೆ, ಹಾಗಾಗಿ ಅದು ಉಳಿದಿದೆ. ನಾವು ಜೋಳ ಕೊಟ್ಟೆವು, ಎಲೆ ಇಸಿದುಕೊಂಡೆವು. ಮುಳ್ಳಿನ ಹತ್ತಿರ ಹೋಗಲಿಲ್ಲ. ಸಂಪ್ರದಾಯ ಸಾಯುತ್ತಿದೆ ಎಂದು ಮರುಗುವ ಹಕ್ಕು ನಮ್ಮಂಥ ಕಟ್ಟೆಯ ಮೇಲಿನವರಿಗೆ ಎಷ್ಟಿದೆ? ಅದು ಹಾಗೆಯೇ ನಡೆಯಬೇಕಿತ್ತು ಎಂದರೆ ಆ ಹುಡುಗಿ ನರ್ಸ್ ಆಗಬಾರದಿತ್ತು ಎಂದಂತೆ. ಹಾಗೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೋದರೆ ಹೋಗಲಿ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ಬಡವರ ಮನೆಯ ಒಲೆ ನೋಡಿ ಬಂದು ನಿಜ ಹೇಳಿದ ದೇವರು ನಮಗೆ ಇದ್ದವನು ಅವನೊಬ್ಬ.

ಡಿಸ್ಚಾರ್ಜ್ ಆಗುವ ದಿನ ಅವಳನ್ನು ಕೇಳಿದೆ, "ಹಾಡು ನೆನಪವ ಏನು?" ಎಂದು. "ಎಲ್ಲಾ ಬರ್ತಾವ್ರಿ. ಮಗಳಿಗಿ ಮಲಗ್ಸಾಗ ಹಾಡ್ತೀನಿ" ಎಂದು ನಕ್ಕಳು. "ಬರೆದು ಕೊಡ್ತಿ?" ಎಂದರೆ, "ಬರೀಲಾಕ ಪುರಸೊತ್ತಿಲ್ರಿ. ಫೋನಿನ್ಯಾಗ ಹಾಡಿ ಕಳಿಸ್ತೀನಿ, ನೀವು ಬರ್ಕೋರಿ" ಎಂದಳು.

ಕಳಿಸುತ್ತಾಳೆ. ತಿಂಗಳಿಗೆ ಒಂದೋ ಎರಡೋ. ರಾತ್ರಿ ಪಾಳಿ ಮುಗಿಸಿ ಬಂದು ಹಾಡಿದ್ದು, ಹಿಂದೆ ಕುಕ್ಕರಿನ ಸೀಟಿ ಕೇಳಿಸುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ, ಕಾಗಿಣಾ ಉಕ್ಕಿ ಹೊಲಗದ್ದೆಗಳು ನೀರಲ್ಲಿ ನಿಂತಾಗ ಒಂದು ಹಾಡಿನ ಕೊನೆಗೆ, "ಈ ಸುದ್ದಿನೂ ಯಾರಾರ ಒಯ್ಬೇಕಿತ್ತು ಟೀಚರ್" ಎಂದಿದ್ದಳು. ನಾನು ಶಾಲೆಯಿಂದ ಬಂದ ಮೇಲೆ ಕೇಳಿ ಕೇಳಿ ನೋಟ್‌ಬುಕ್ಕಿಗೆ ಇಳಿಸುತ್ತೇನೆ. ನೂರು ಪುಟದ ಒಂದು ಮುಗಿದು ಎರಡನೆಯದು ನಡೆದಿದೆ. ಅವಳ ಆಯಿಯ ಹೆಸರನ್ನು ಮೊದಲ ಪುಟದಲ್ಲಿ ಬರೆದಿದ್ದೇನೆ. ಕಳೆದ ವರ್ಷ ಅಷ್ಟಮಿಯ ದಿನ ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಗಣಪತಿ-ಜೋಕುಮಾರರ ಕಥೆ ಹೇಳಿ, ನಾನು 2003ರಲ್ಲಿ ಆಡಿದ ಮಾತನ್ನೂ ಹೇಳಿದೆ. ಮಕ್ಕಳು ನಗಲಿಲ್ಲ.

ಹಾಡುಗಳಲ್ಲಿ ಕೆಲವು ಮಾತು ನನಗೆ ಅರ್ಥವಾಗುವುದಿಲ್ಲ. ಒಂದು ಮಳೆಯ ಹೆಸರು ಬರುತ್ತದೆ, ನನಗೆ ಗೊತ್ತಿರುವ ಇಪ್ಪತ್ತೇಳರಲ್ಲಿ ಅದಿಲ್ಲ. ಅವಳನ್ನು ಕೇಳಿದರೆ, "ಅದು ಆಯಿನ್ನೇ ಕೇಳಬೇಕಿತ್ತು ಟೀಚರ್" ಎಂದಳು. ಆ ಮಾತು ಕೇಳಿದಂತೆಯೇ ಬರೆದು, ಅರ್ಥ ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.